ಕಿವಿ ಮುಚ್ಚಿ ಹಾಡುವ ಡೆಸ್ಮಂಡ್

ದೂರವಾಣಿ ಕಂಪನಿಯನ್ನು ಮೂರು ವಿಭಾಗಗಳಾಗಿ ಒಡೆದು, ಒಂದರ ಸುದ್ದಿ ಇನ್ನೊಂದಕ್ಕೆ ದಾಟಕೂಡದು ಎಂದು ಮೇಲಿನವರು ಅಪ್ಪಣೆ ಮಾಡಿದಾಗ, ಆಸ್ಟ್ರೇಲಿಯಾದ ಬೆಂಡಿಗೋ ಊರಿನ ಕಚೇರಿಯಲ್ಲಿ ಅದನ್ನು ಮನಸಾರೆ ಪಾಲಿಸಿದವನು ಡೆಸ್ಮಂಡ್ ಒಬ್ಬನೇ. ಪಕ್ಕದ ಮೇಜಿನ ರೋರಿಗೆ ತಾನು ಯಾವ ವಿಭಾಗದವನೆಂಬುದೇ ಕೊರಳಿನ ಬಿಲ್ಲೆ ನೋಡಿಕೊಂಡರಷ್ಟೇ ನೆನಪಾಗುತ್ತಿತ್ತು. ಡೆಸ್ಮಂಡನದು ಮಾರಾಟ ವಿಭಾಗ, ಅವನ ಹೆಂಡತಿ ಗ್ಲೆನಿಸಳದು ಗಾಜಿನ ಬಾಗಿಲಿನಾಚೆಯ ತಂತಿಜಾಲದ ವಿಭಾಗ. ಒಂದೇ ಕಾರಿನಲ್ಲಿ ಬಂದಿಳಿದವರು ಹೊಸದಾಗಿ ಪರಿಚಯವಾದವರಂತೆ ಕೈಕುಲುಕಿ ಬೇರೆಯಾಗುತ್ತಿದ್ದರು. ಅವಳು ಕಾರಿನಲ್ಲಿ ಮರೆತ ಸ್ಯಾಂಡ್‌ವಿಚ್ಚನ್ನು ಅವನು ಕಚೇರಿಯ ಟಪಾಲಿಗೇ ಹಾಕಿದ. ಅದು ಬಾಗಿಲು ದಾಟಿ ಅವಳನ್ನು ಮುಟ್ಟಿದ್ದು ಮರುದಿನ. ಚಹಾದ ಕೋಣೆಯಲ್ಲಿ ಅವನು "ಮೇಡಂ, ಈ ಸಕ್ಕರೆ ನಿಮ್ಮ ವಿಭಾಗದ್ದೋ ನಮ್ಮದೋ?" ಎಂದರೆ, "ಸುಮ್ನೆ ಕುಡಿಯೋ ಮುದುಕಾ," ಎನ್ನುತ್ತಿದ್ದಳು. ಅವಳಿಗೆ ಫೋನು ಬಂದರೆ ಸಾಕು, ಆ ವಿಭಾಗದ ಸುದ್ದಿ ಕೇಳಿಸದಿರಲೆಂದು ತನ್ನ ಎರಡೂ ಕಿವಿ ಮುಚ್ಚಿ ಅಪಸ್ವರದಲ್ಲಿ ಹಾಡುತ್ತಿದ್ದ. ಮಾರಾಟದ ಮಹಡಿ ಮುಚ್ಚುತ್ತದಂತೆ ಎಂಬ ಪಿಸುಮಾತು ಹಬ್ಬಿದಾಗ, ತನ್ನ ಕೆಲಸದ ಚಿಂತೆಯಲ್ಲಿ ಉಗುರೆಲ್ಲ ಕಡಿದು ಮುಗಿಸಿದ್ದ ರೋರಿ ತಡೆಯಲಾರದೆ ಕೇಳಿದ: "ಡೆಸ್, ಮುಚ್ಚೋದಾದ್ರೆ ನಮ್ಮ ಮಹಡಿ ತಂತಿ ಕೀಳೋರು ಗ್ಲೆನಿಸ್ ವಿಭಾಗದೋರೇ ಅಲ್ವಾ? ಮನೇಲಿ ಒಂದ್ಮಾತು ಕೇಳ್ಬಾರ್ದಾ ಮಾರಾಯ?" ಡೆಸ್ಮಂಡ್ ಲೋಟ ಕೆಳಗಿಟ್ಟ. "ಅವಳಿಗೆ ಗೊತ್ತು ಕಣೋ. ನಿದ್ದೆ ಬಿಟ್ಟು ಎಷ್ಟೋ ದಿನ ಆಯ್ತು. ನಾನು ಕೇಳಿದ್ರೆ ಒಂದೋ ಅವಳು ನಂಗೆ ಸುಳ್ಳು ಹೇಳ್ಬೇಕು, ಇಲ್ಲಾ ನಿಜ ಹೇಳಿ ತನ್ನ ಕೆಲಸಾನೂ ಕಳ್ಕೋಬೇಕು." ಅಷ್ಟರಲ್ಲಿ ಗ್ಲೆನಿಸ್ ಬಾಗಿಲಲ್ಲಿ ಕಾಣಿಸಿಕೊಂಡು, ಅವನನ್ನೇ ನೋಡುತ್ತ, ಏನೋ ಹೇಳಲು ಬಾಯಿ ತೆರೆದಳು. ಫೋನು ಬಂದಿರಲಿಲ್ಲ, ಆದರೂ ಡೆಸ್ಮಂಡ್ ಎರಡೂ ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಹಾಡತೊಡಗಿದ. ತುಸು ತಡೆದು ರೋರಿಯೂ ತನ್ನ ಕಿವಿ ಮುಚ್ಚಿಕೊಂಡು ದನಿಗೂಡಿಸಿದ, ಹಾಡು ಯಾವುದೆಂದು ಗೊತ್ತಿಲ್ಲದೆಯೇ.