ಬಾಜು ಹೊಲದ ರಿಂಗು

ನಮ್ಮಕ್ಕ ಕಂಪನಿ ಶುರು ಮಾಡಿದ್ದು ಹೇಗೆಂದು ಕೇಳಿಕೊಂಡು ಈಗ ಜನ ಬರುತ್ತಾರೆ. ರಾಯದುರ್ಗದ ಅಪ್ಪನ ರಿಪೇರಿ ಅಂಗಡಿ, ಸಂಜೆ ಶಾಲೆಯಿಂದ ಬಂದು ಅಲ್ಲಿ ಕೂತು ಬೆಸುಗೆ ಹಾಕಲು ಕಲಿತದ್ದು, ಅನಂತಪುರದಲ್ಲಿ ಇಂಜಿನಿಯರಿಂಗ್ ಓದಿ ಅದೇ ಅಂಗಡಿಗೆ ವಾಪಸು ಬಂದದ್ದು, ಇಷ್ಟನ್ನು ಅವಳು ಹೇಳುತ್ತಾಳೆ. ಗುಮ್ಮಗಟ್ಟದ ಕಡೆಯ ಆ ಮಧ್ಯಾಹ್ನವನ್ನು ಹೇಳುವುದಿಲ್ಲ. ನಾನು ಅಲ್ಲಿದ್ದೆ.

ಅವಳು ಮಾಡಿದ್ದು ಬೋರಿನ ಮೋಟರಿಗೆ ಹಾಕುವ ಪೆಟ್ಟಿಗೆ. ಅದರೊಳಗೊಂದು ಸಿಮ್, ಒಂದು ಸಣ್ಣ ಬ್ಯಾಟರಿ. ಆ ನಂಬರಿಗೆ ರಿಂಗ್ ಕೊಟ್ಟರೆ ಮೋಟರು ಓಡುತ್ತದೆ, ಮತ್ತೆ ಕೊಟ್ಟರೆ ನಿಲ್ಲುತ್ತದೆ. ಮೊದಮೊದಲು ಯಜಮಾನನ ಫೋನಿಗೆ ಮಾತ್ರ ನಡೆಯುತ್ತಿತ್ತು. ಯಾರೂ ಕೊಳ್ಳಲಿಲ್ಲ. "ನಾ ಮದುವಿಗೆ ಹೋದ್ರ ಬಾಜು ಹೊಲದಾವ ಹಚ್ಚಬೇಕಲ್ರಿ? ಒಬ್ಬನ ಫೋನಿಗೇ ಆದ್ರ ಯಾಕ ಬೇಕ್ರಿ ಇದು?" ಎಂದು ರೈತರೊಬ್ಬರು ಕೇಳಿದರು. ನಮ್ಮಲ್ಲಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಹೊಲದಲ್ಲಿದ್ದವರು ತಮ್ಮ ಮೋಟರಿನ ಜೊತೆ ಪಕ್ಕದವರದನ್ನೂ ಹಾಕುವುದು ರೂಢಿ. ಯಾರ ಫೋನಿನಿಂದಾದರೂ ನಡೆಯುವಂತೆ ಅಕ್ಕ ಬದಲಾಯಿಸಿದಳು. ಪೆಟ್ಟಿಗೆಗಳು ಮಾರಾಟವಾದವು.

ಆ ದಿನ ಅದೇ ರೈತರ ಹೊಲಕ್ಕೆ ಹೋಗಿದ್ದೆವು. ಮೋಟರು ಒಮ್ಮೊಮ್ಮೆ ನಿಲ್ಲುತ್ತಿಲ್ಲ ಎಂದು ಕರೆದಿದ್ದರು. ಕರೆಂಟು ಇರಲಿಲ್ಲ. ಕರೆಂಟಿಲ್ಲದಾಗ ನಮ್ಮ ಕಡೆ ಯಾರೂ ಫ್ಯೂಸ್ ಕೀಳುವುದಿಲ್ಲ, ಅಕ್ಕನೂ ಕೀಳಲಿಲ್ಲ. ರೈತರು ತಮ್ಮ ಫೋನು ಬಂದ್ ಮಾಡಿ ಜೇಬಿಗೆ ಹಾಕಿಕೊಂಡರು. ಅಷ್ಟು ಜಾಗ್ರತೆ ಸಾಕೆಂದುಕೊಂಡೆವು. ಅಕ್ಕ ಮೋಟರಿಗೆ ಹೋಗುವ ತಂತಿಯನ್ನು ಬಿಚ್ಚುತ್ತಿದ್ದಳು.

ಬದುವಿನಾಚೆ ಇನ್ನೊಂದು ಮೋಟರು ಗುಂಯ್ ಎಂದಿತು. ಕರೆಂಟು ಬಂದಿತ್ತು. ತಿರುಗಿದೆ. ಬಾಜು ಹೊಲದವರು ಕಿವಿಗೆ ಫೋನು ಹಿಡಿದು ನಮ್ಮತ್ತ ಕೈ ಬೀಸುತ್ತಿದ್ದರು. ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. ಅಕ್ಕಾ ಎನ್ನಲು ಬಾಯಿ ತೆರೆದೆ. ಪೆಟ್ಟಿಗೆಯೊಳಗೆ ಟಕ್ ಎಂದಿತು.

ಅವಳು ಕೂಗಲಿಲ್ಲ. ತಂತಿಯಿಂದ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ. ರೈತರು ಗುದ್ದಲಿಯ ಮರದ ಕಾವಿನಿಂದ ಮೊಣಕೈಗೆ ಹೊಡೆದರು. ಹಿಂದಕ್ಕೆ ಬಿದ್ದಳು. ನಾನು ನಿಂತಲ್ಲೇ ನಿಂತಿದ್ದೆ. ಎಲ್ಲಿಂದಲೋ ಸುಟ್ಟ ವಾಸನೆ ಬರುತ್ತಿತ್ತು.

ಬಾಜು ಹೊಲದವರು ಬದು ದಾಟಿ ನಗುತ್ತ ಬಂದರು. ಅವರಿಗೇನೂ ಗೊತ್ತಿರಲಿಲ್ಲ.

"ಅಕ್ಕಾರ, ನಿಮ್ಮ ಮಷೀನು ಒಂದ ರಿಂಗಿಗೆ ಹತ್ತಿತು ನೋಡ್ರಿ."

ನೆಲದ ಮೇಲೆ ಎದ್ದು ಕೂತಿದ್ದ ಅಕ್ಕ "ಹೌದ್ರಿ" ಎಂದಳು.

ಆಸ್ಪತ್ರೆಯಲ್ಲಿ ಅಂಗೈಗೆ ಪಟ್ಟಿ ಕಟ್ಟಿದರು. ಆಟೋದಲ್ಲಿ ಬರುವಾಗ, ಮೊದಲಿನಂತೆ ಒಂದೇ ಫೋನಿಗೆ ಮಾಡಿಬಿಡೋಣ ಎಂದೆ. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗಿಟ್ಟುಕೊಂಡಳು.

"ಹಂಗ ಮಾಡಿದ್ರ ಯಾರೂ ಇಟ್ಕೊಳ್ಳಲ್ಲ. ಪೆಟ್ಟಿಗಿ ಬಾಗ್ಲ ತೆಗೆದಾಗ ಫೋನು ನಡಿಬಾರ್ದು, ಅಷ್ಟ."

ಆ ಬಾಗಿಲಿಗೊಂದು ಸ್ವಿಚ್ಚು ಕೂಡಿಸುವ ತನಕ ಹೊಸ ಪೆಟ್ಟಿಗೆ ಮಾರಲಿಲ್ಲ. ಮಾರಿದ್ದವಕ್ಕೂ ಹೊಲ ಹೊಲಕ್ಕೆ ಹೋಗಿ ಹಾಕಿ ಬಂದೆವು. ಪ್ರತಿ ಹೊಲದಲ್ಲೂ ಮೊದಲು ಫ್ಯೂಸ್ ಕಿತ್ತು ನನ್ನ ಕೈಗೆ ಕೊಡುತ್ತಿದ್ದಳು.

ಈಗ ಕೆಲಸವೆಲ್ಲ ಮಡಕಶಿರದ ಶೆಡ್ಡಿನಲ್ಲಿ. ಪೆಟ್ಟಿಗೆ ಹೊರಡುವ ಮೊದಲು ಅವಳೇ ಅದರ ಬಾಗಿಲು ತೆಗೆದು ರಿಂಗ್ ಕೊಡುತ್ತಾಳೆ. ಒಳಗಿನಿಂದ ಟಕ್ ಎಂಬ ಸದ್ದು ಬಾರದಿದ್ದರೆ ಮಾತ್ರ ಅದು ಪ್ಯಾಕಿಂಗಿಗೆ ಹೋಗುತ್ತದೆ. ಆಗ ಅದಕ್ಕೆ ಕರೆಂಟಿನ ತಂತಿಯೇ ಇರುವುದಿಲ್ಲ, ಒಳಗಿನ ಬ್ಯಾಟರಿಯಷ್ಟೇ, ಗೊತ್ತಿದೆ. ಆದರೂ ಫೋನು ಹಿಡಿಯದ ಅವಳ ಇನ್ನೊಂದು ಕೈ ಎಲ್ಲಿದೆಯೆಂದು ನೋಡುತ್ತ ನಿಂತಿರುತ್ತೇನೆ.