ಲಕ್ಷ್ಮಿಗೆ ಬಂದ ಮೀಸೆ

ಗಂಧಕಕ್ಕೆ ಆ ಹೆಸರಿಟ್ಟವನಿಗೆ ಆವತ್ತು ನೆಗಡಿಯಾಗಿದ್ದಿರಬೇಕು. ಗಂಧಕ್ಕೂ ಅದಕ್ಕೂ ಎಲ್ಲಿಯ ನಂಟು? ಈರುಳ್ಳಿ ನಮ್ಮನ್ನು ಅಳಿಸುವುದು, ಇಂಗಿನ ಡಬ್ಬಿ ಅಡುಗೆಮನೆಯನ್ನೆಲ್ಲ ಆಳುವುದು, ಕೊಳೆತ ಮೊಟ್ಟೆ ಬೀದಿಯನ್ನೇ ಖಾಲಿ ಮಾಡಿಸುವುದು, ಎಲ್ಲ ಅದರದೇ ಕಾರುಬಾರು. ವಿಜಯಪುರದ ಕಡೆ ದ್ರಾಕ್ಷಿ ಬಳ್ಳಿಗೆ ಬೂದಿರೋಗ ಬಂದರೆ ಎರಚುವ ಹಳದಿ ಪುಡಿಯೂ ಅದೇ. ದೊಡ್ಡಬಳ್ಳಾಪುರದಲ್ಲಿ ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಡುವ ವಿಜ್ಞಾನದ ಮೇಷ್ಟ್ರು ನಾನು. ರಬ್ಬರ್ ಗಟ್ಟಿಯಾಗಲು ಗಂಧಕ ಬೆರೆಸುತ್ತಾರೆ, ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದವನೂ ನಾನೇ. ಏನು ಮಾಡಲಿ, ಎರಡನ್ನೂ ಬೇರೆ ಬೇರೆ ದಿನ ಬರೆದಿದ್ದೆ.

ನನ್ನ ಹೆಂಡತಿಯ ಬಳಿ ಬೆಳ್ಳಿಯದೊಂದು ಲಕ್ಷ್ಮಿ ಮುಖವಾಡವಿದೆ. ತೀರಿಕೊಂಡ ಅವಳ ತಾಯಿ ಕೊಟ್ಟದ್ದು. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ, ನತ್ತು ಬಿದ್ದುಹೋಗದಿರಲಿ ಎಂದು ಆ ಮುಖಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಪೆಟ್ಟಿಗೆಯಲ್ಲಿಟ್ಟೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಈ ವರ್ಷ ಹಬ್ಬದ ಬೆಳಿಗ್ಗೆ ಪೆಟ್ಟಿಗೆ ತೆಗೆದವಳು ಕೂಗಿಕೊಂಡಳು: "ರೀ, ಲಕ್ಷ್ಮಿಗೆ ಮೀಸೆ ಬಂದ್ಬಿಟ್ಟೈತೆ!"

ಮೂಗಿನ ಕೆಳಗೆ, ರಬ್ಬರ್ ಬ್ಯಾಂಡ್ ಬಿಗಿದಿದ್ದ ಕಡೆ ಕಪ್ಪು ಗೆರೆ, ಥೇಟ್ ನನ್ನದೇ ಮೀಸೆ. ನಾನು ನಕ್ಕೆ. ಅವಳು ನಗಲಿಲ್ಲ.

"ಸಂಜೆ ಕುಂಕುಮಕ್ಕೆ ಬೀದಿ ಹೆಂಗಸ್ರೆಲ್ಲ ಬರ್ತಾರೆ. ಅದಿರ್ಲಿ, ಇದನ್ನ ನೋಡಿದ್ರೆ ನಮ್ಮಮ್ಮನ್ನ ನೋಡ್ದಂಗಾಗ್ತಿತ್ತು ಕಣ್ರೀ" ಎಂದು ಕಣ್ಣು ತುಂಬಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು.

ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಕುದಿಯುವ ನೀರು ತಂದು ಮುಖವಾಡವನ್ನು ಅದರಲ್ಲಿ ಮುಳುಗಿಸಿದೆ. ಮೀಸೆ ಕರಗತೊಡಗಿತು. ಆದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಹೆಸರು ಉಳಿಸಿಹೋಗುತ್ತದೆ. ಈರುಳ್ಳಿಗೂ ಪ್ರವೇಶವಿಲ್ಲದ ಹಬ್ಬದ ಮನೆಯಲ್ಲಿ ಮೊಟ್ಟೆಯ ವಾಸನೆ ತುಂಬಿತು.

ಪಕ್ಕದ ಮನೆಯಾಕೆ ಇಣುಕಿದರು. "ಏನಕ್ಕಾ, ಹಬ್ಬದ ದಿನ್ವೇ ಮೊಟ್ಟೆ ಬೇಯಿಸ್ತಿದ್ದೀರಾ?"

"ಇಲ್ಲಮ್ಮ, ನಮ್ಮನೆಯವ್ರು ಪಾಠ ಮಾಡ್ತಾವ್ರೆ" ಎಂದಳು ನನ್ನವಳು.

ಸಂಜೆಗೆ ಲಕ್ಷ್ಮಿ ಮೊದಲಿಗಿಂತ ಹೊಳೆಯುತ್ತಿದ್ದಳು. ಹಬ್ಬ ಮುಗಿದ ಮೇಲೆ ಹೆಂಡತಿ ತನ್ನಣ್ಣನ ಮಗ್ಗದ ಮನೆಯಿಂದ ತಂದ ಹತ್ತಿ ನೂಲಿನಿಂದ ನತ್ತನ್ನು ತಾನೇ ಕಟ್ಟಿದಳು. ನನಗೆ ಅದನ್ನು ಮುಟ್ಟಗೊಡಲಿಲ್ಲ.

"ಇದ್ರಲ್ಲಿ ಗಂಧಕ ಇಲ್ವಲ್ಲ, ಮೇಷ್ಟ್ರೇ?"

"ಇಲ್ಲ. ಕೂದಲಲ್ಲಿ ಇರುತ್ತೆ" ಎಂದೆ. ಪಾಠದ ಚಟ ನೋಡಿ.

"ಹಂಗಾದ್ರೆ ನಿಮ್ ಮೀಸೇಲೂ ಐತೆ?"

"ಇದೆ."

"ಸ್ವಲ್ಪ ದೂರ ಕೂತ್ಕೊಳಿ ಮತ್ತೆ."

ಸರಿಯುವಾಗ ಅವಳ ಬೆಳ್ಳಿ ಕಾಲುಂಗುರ ಕಣ್ಣಿಗೆ ಬಿತ್ತು. ಮದುವೆಯಲ್ಲಿ ನಾನೇ ತೊಡಿಸಿದ್ದು, ಪೂರಾ ಕಪ್ಪಾಗಿದೆ. ಆದರೂ ಬಿಚ್ಚಿಟ್ಟಿಲ್ಲವಲ್ಲ ಎಂದುಕೊಂಡು ಮೆಲ್ಲಗೆ ಮತ್ತೆ ಹತ್ತಿರ ಸರಿದೆ.