ಹಾಸಿಗೆಗೆ ಸೇರಿಸಿ ಹೊಲಿದ ಕೌದಿ

ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಆಕೆಯನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಯಾವ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆಂದು ಗಿರಾಕಿಗಳು ತಲೆ ಕೆರೆದುಕೊಳ್ಳುತ್ತಿರುವಾಗ, ಆಕೆ ಎರಡು ಥಾನುಗಳನ್ನು ಪಕ್ಕಪಕ್ಕದಲ್ಲಿ ಬಿಚ್ಚಿ ಹರಡಿ ಸುಮ್ಮನೆ ಸರಿದು ನಿಲ್ಲುವಳು. ಮಾತೇ ಬೇಕಾಗುತ್ತಿರಲಿಲ್ಲ. ಕೆಲವರಿಗೆ ಇಂಪಾದ ಕಂಠವನ್ನು ಕರುಣಿಸುವ ದೇವರು ಆಕೆಗೆ ಬಣ್ಣ ಬಲ್ಲ ಕಣ್ಣನ್ನು ಕರುಣಿಸಿದ್ದ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಕಣ್ಣಿಗೆ ಉಳಿದದ್ದು ಒಂದೇ ಕೋಣೆ. ಗಂಡ ಲಾರಿ ಓಡಿಸುವವನು. ಹೋದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಮೂಳೆ ಕೂಡಿಕೊಂಡಿದೆ, ದಿನವೂ ಎಬ್ಬಿಸಿ ಕೂರಿಸಿ ಎಂದು ವೈದ್ಯರು ಹೇಳಿದರೂ ಮುದುಕಿ ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಬಿದ್ದೇನೆಂಬ ಭಯ ಆಕೆಯನ್ನು ಮಂಚಕ್ಕೆ ಅಂಟಿಸಿಬಿಟ್ಟಿತ್ತು. ಒಂಟಿಯಾಗಿರಲು ಮುದುಕಿಗಿದ್ದ ಭಯ ಸೊಸೆಯನ್ನು ಆ ಮಂಚದ ಕಾಲಿಗೆ ಕಟ್ಟಿಹಾಕಿತ್ತು. ಚಿಲಕದ ಸದ್ದಾದರೆ ಸಾಕು:

“ಎಲ್ಲಿಗೇ?”

“ಹಾಲು ತರ್ತೀನಿ ಅತ್ತೆ, ಇಲ್ಲೇ ಕೆಳಗಡೆ.”

“ಮೊನ್ನೆ ಹಾಲಿಗೆ ಹೋದವಳು ಅದು ಮೊಸರಾಗೋವರೆಗೂ ಬರಲಿಲ್ಲ.”

ಹೊರಗಿನ ಬಾಗಿಲು ಮುಚ್ಚಿದ್ದು ನೆರೆಹೊರೆಯವರಿಗೆ ಕಾಣುತ್ತಿತ್ತು. ಒಳಗೊಂದು ಬಾಗಿಲು ಮುಚ್ಚಿದ್ದನ್ನು ಯಾರೂ ಕಾಣಲಿಲ್ಲ. ಬಣ್ಣಗಳು ಆಕೆಯೊಡನೆ ಮಾತು ಬಿಟ್ಟಿದ್ದವು. ಕೈಗೆ ಸಿಕ್ಕಿದ್ದನ್ನು ಉಡುವಳು. ಪ್ರಾರ್ಥನೆಗೆ ಕುಳಿತರೆ ತುಟಿ ಅಲ್ಲಾಡುವುದು, ಮನಸ್ಸು ಮಾತ್ರೆಯ ಹೊತ್ತನ್ನು ನೆನೆಯುತ್ತಿರುವುದು.

ಚಳಿ ಶುರುವಾಗುವ ಹೊತ್ತಿಗೆ ಗಿರಣಿಯ ಹಿಂದಿನ ಸಾಲುಮನೆಗಳಿಗೆ ಬೆಂಕಿ ಬಿತ್ತು. ಉಟ್ಟ ಬಟ್ಟೆಯಲ್ಲಿ ಹೊರಬಂದವರು ಶಾಲೆಯ ಬರಿನೆಲದ ಮೇಲೆ ಮಲಗುತ್ತಿದ್ದರು. ಪ್ರಾರ್ಥನಾ ಸಭೆಯ ಹಿರಿಯರಾದ ಟೀಚರಮ್ಮ, ನಿವೃತ್ತರಾದರೂ ಜನರ ಬಾಯಲ್ಲಿ ಇನ್ನೂ ಟೀಚರಮ್ಮನೇ, ಒಂದು ಚೀಲ ಹಳೆಯ ಬಟ್ಟೆ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು.

“ಒಂದು ಕೌದಿ ಹೊಲಿದುಕೊಡಮ್ಮ. ಅಲ್ಲೊಬ್ಬಳು ಬಾಣಂತಿ ಇದ್ದಾಳೆ, ಕೂಸಿಗೆ ಹೊದಿಸೋಕೆ ಏನೂ ಇಲ್ಲ. ಭಾನುವಾರ ಬೆಳಿಗ್ಗೆ ಬರ್ತೀನಿ, ಅವತ್ತೇ ಹಂಚೋದು.”

“ಕೈ ಓಡಲ್ಲ ಟೀಚರಮ್ಮ. ಎಲ್ಲಾ ಮರೆತುಹೋಗಿದೆ.”

“ಚೆನ್ನಾಗಿರಬೇಕು ಅಂತ ಯಾರು ಕೇಳಿದ್ರು? ಬೆಚ್ಚಗಿದ್ರೆ ಸಾಕು.”

ಬಣ್ಣದಕ್ಕನಿಗೆ ಆ ಮಾತು ಎಲ್ಲೋ ನಾಟಿತು. ಆದರೂ ಮೊದಲ ದಿನಗಳಲ್ಲಿ ತುಂಡಿಗೆ ತುಂಡು ಸೇರಿಸಿದಳೇ ಹೊರತು ಮನಸ್ಸು ಅಲ್ಲಾಡಲಿಲ್ಲ. ಮಷಿನ್ ತುಳಿದರೆ ಅತ್ತೆಗೆ ತಲೆನೋವು, ಕೈಹೊಲಿಗೆಯೇ ಗತಿ. ಕೌದಿ ಹರಡಲು ನೆಲದಲ್ಲಿ ಜಾಗವಿಲ್ಲ. ಕೋಣೆಯಲ್ಲಿ ಅಗಲವಾಗಿದ್ದದ್ದು ಅತ್ತೆಯ ಮಂಚವೊಂದೇ. ಹಾಗಾಗಿ ಅತ್ತೆಯ ಕಾಲ ಮೇಲೆಯೇ ಹರಡಿಕೊಂಡು, ಅಂಚಿನಲ್ಲಿ ಕುಳಿತು ಹೊಲಿದಳು.

“ನಾನೇನು ಮೇಜಾ?”

“ಮೇಜು ಇಷ್ಟು ಮಾತಾಡಲ್ಲ ಅತ್ತೆ.”

ಶನಿವಾರ ಮಧ್ಯಾಹ್ನ ಚೀಲದ ತಳದಿಂದ ಯಾವುದೋ ಮಗುವಿನ ಫ್ರಾಕಿನ ಹಳದಿ ತುಂಡು ಬಂತು. ಕಾವಲುಗಾರನ ಸಮವಸ್ತ್ರದ ಬೂದುಬಣ್ಣದ ಪಕ್ಕಕ್ಕೆ ಅದು ತಾನಾಗಿ ಬಿದ್ದಾಗ, ಮುಸ್ಸಂಜೆಯ ಮನೆಯೊಳಗೆ ಯಾರೋ ದೀಪ ಹಚ್ಚಿದಂತಾಯಿತು. ಬಣ್ಣದಕ್ಕ ಹೊಲಿದಿದ್ದ ನಡುವಿನ ಸಾಲನ್ನು ಸರಸರನೆ ಬಿಚ್ಚಿ, ಹಳದಿಯನ್ನು ನಡುವಿಗಿಟ್ಟು, ಸುತ್ತಲೂ ಬೂದು, ಅದರಾಚೆ ಮಾಸಿದ ನೀಲಿಯನ್ನು ಜೋಡಿಸುತ್ತ ಹೋದಳು. ಅತ್ತೆ ನೀರು ಕೇಳಿದ್ದು ಕಿವಿಗೆ ಬೀಳಲಿಲ್ಲ. ಕೃಪೆ ಹೀಗೆಯೇ ಬರುತ್ತದೆ. ಬರುವ ಮುನ್ನ ಬಾಗಿಲು ತಟ್ಟುವುದಿಲ್ಲ.

ಕಿಟಕಿಯ ಬೆಳಕು ಕಂದಿದಾಗ ಕೊನೆಯ ಗಂಟು ಹಾಕಿ ಕೌದಿಯನ್ನೆತ್ತಿದಳು. ಅದೊಂದೇ ಮೇಲೇಳಲಿಲ್ಲ. ಹಾಸಿಗೆಯ ಮೇಲಿನ ಬಿಳಿ ಹಾಸೂ ಜೊತೆಗೇ ಎದ್ದಿತು, ಅತ್ತೆಯ ನೈಟಿಯ ಅಂಚೂ ಎದ್ದಿತು. ಮೈಮರೆತ ಸೂಜಿ ಮೂರನ್ನೂ ಒಂದು ಮಾಡಿತ್ತು.

“ಏನೇ ಇದು? ನನ್ನನ್ನೂ ಸೇರಿಸಿ ಹೊಲಿದುಬಿಟ್ಟೆಯಾ?”

ಸೊಸೆ ಮುಖ ಮುಚ್ಚಿಕೊಂಡಳು. “ಬಿಚ್ಚೋಕಾಗಲ್ಲ ಅತ್ತೆ. ಹಳೇ ಬಟ್ಟೆ, ಒತ್ತಾಗಿ ಹೊಲಿದಿದ್ದೀನಿ, ಎಳೆದರೆ ಹರಿಯುತ್ತೆ. ಬೆಳಗಾದ್ರೆ ಟೀಚರಮ್ಮ ಬರ್ತಾರೆ. ಆ ಕೂಸಿಗೆ ಏನು ಕೊಡಲಿ?”

ಮುದುಕಿ ತನ್ನ ಮೊಣಕಾಲ ಮೇಲಿನ ಹಳದಿಯನ್ನೇ ಬಹಳ ಹೊತ್ತು ನೋಡಿದಳು.

“ಹಾಸನ್ನೇ ಕತ್ತರಿಸು.”

“ಒಳ್ಳೇ ಹಾಸು ಅಂತ ಇರೋದು ಇದೊಂದೇ.”

“ಕತ್ತರಿಸು ಅಂದೆನಲ್ಲ.”

“ನೀವು ಮೇಲೆ ಮಲಗಿದ್ರೆ ಹೇಗೆ ಕತ್ತರಿಸಲಿ?”

ಕಡಲು ದಾಟಿದವರ ಸಾಹಸಗಳನ್ನು ನಾವು ಕೊಂಡಾಡುತ್ತೇವೆ. ಆ ಜೀವಕ್ಕೆ ಮಂಚದಿಂದ ಕುರ್ಚಿಗಿದ್ದ ಒಂದು ಮಾರು ಅಂತರವೇ ಕಡಲಾಗಿತ್ತು.

“ಬೀಳಿಸಿದ್ರೆ ನೋಡು ಮತ್ತೆ,” ಎಂದಳು ಅತ್ತೆ, ದನಿ ಸಣ್ಣದಾಗಿತ್ತು.

ಸೊಸೆ ಮೊದಲು ಒಂದೆರಡು ಹೊಲಿಗೆಯಲ್ಲಷ್ಟೇ ಸಿಕ್ಕಿದ್ದ ನೈಟಿಯ ಅಂಚನ್ನು ಬಿಡಿಸಿದಳು. ಅತ್ತೆಯ ಎರಡೂ ತೋಳುಗಳನ್ನು ತನ್ನ ಕೊರಳಿಗೆ ಹಾಕಿಕೊಂಡು, ದೇವರೇ ದೇವರೇ ಎನ್ನುತ್ತ ಎತ್ತಿದಳು. ಮುದುಕಿಯ ಹಿಡಿತ ಉಸಿರುಗಟ್ಟಿಸುವಷ್ಟು ಬಿಗಿಯಾಯಿತು, ಆದರೂ ಕುರ್ಚಿ ಸಿಕ್ಕಿತು. ಕುಳಿತ ಮೇಲೂ ಸೊಸೆಯ ತೋಳು ಬಿಡಲೊಲ್ಲಳು. ಕೊನೆಗೆ ಬಿಟ್ಟು, ಕೌದಿಯ ತುದಿ ಹಿಡಿದು ಕತ್ತರಿಗೆ ಅನುವಾಗುವಂತೆ ಎಳೆದುಕೊಟ್ಟಳು.

ಭಾನುವಾರ ಟೀಚರಮ್ಮ ಕೌದಿಯನ್ನು ಹಿಂದುಮುಂದು ಮಾಡಿ ನೋಡಿದರು.

“ಹಿಂದೆ ಇದೇನಮ್ಮ ಬಿಳಿ ತುಂಡು, ಅಂಕುಡೊಂಕಾಗಿ?”

ಸೊಸೆ ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಹೇಳಿದಳು: “ಅದು ನನ್ನದು. ಅಲ್ಲಿ ಒಂದು ಪದರ ಹೆಚ್ಚು. ಕೂಸಿನ ಎದೆ ಮೇಲೆ ಅದೇ ಬರೋ ಹಾಗೆ ಹೊದಿಸೋಕೆ ಹೇಳಿ.”

ಟೀಚರಮ್ಮ ನಕ್ಕರು. ಆಮೇಲೆ ಸೊಸೆಯತ್ತ ತಿರುಗಿ, “ನೀನೂ ಬಾ, ನಿನ್ನ ಕೈಯಾರೆ ಕೊಡುವಿಯಂತೆ,” ಎಂದರು.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಕಿಟಕಿಯಾಚೆ ನೋಡತೊಡಗಿದಳು, ಹೋಗು ಎನ್ನಲಿಲ್ಲ. ಬೇಡವೆಂದು ತಲೆಯಾಡಿಸಿ ಸೊಸೆ ಬಾಗಿಲು ಹಾಕಿಕೊಂಡಳು. ಕೌದಿ ಮೆಟ್ಟಿಲಿಳಿದು ಹೋಗುವ ಸದ್ದನ್ನು ಬಾಗಿಲಿಗೊರಗಿ ಕೇಳಿದಳು. ಕೋಣೆ ಇದ್ದಷ್ಟೇ ಇತ್ತು, ಗೋಡೆಗಳು ಇದ್ದಲ್ಲೇ ಇದ್ದವು. ದೇವರು ಸೆರೆಮನೆಯ ಬಾಗಿಲನ್ನು ತೆರೆಯಲೂ ಬಲ್ಲ. ಒಮ್ಮೊಮ್ಮೆ ಮುಚ್ಚಿದ ಬಾಗಿಲೊಳಗೆ ಕೆಲಸವನ್ನಷ್ಟೇ ಇಟ್ಟು ಹೋಗುತ್ತಾನೆ. ಆಕೆ ಚೀಲದಲ್ಲಿ ಉಳಿದಿದ್ದ ತುಂಡುಗಳನ್ನು ಹಾಸಿಲ್ಲದ ಹಾಸಿಗೆಯ ಮೇಲೆ ಸುರಿದಳು.

“ಆ ಹಸಿರನ್ನ ಕೆಂಪಿನ ಪಕ್ಕ ಇಡಬೇಡ, ಕಣ್ಣಿಗೆ ಚುಚ್ಚುತ್ತೆ,” ಎಂದಳು ಅತ್ತೆ.

“ನಿಮಗೇನು ಗೊತ್ತು ಬಣ್ಣ?”

“ಮಲಗೋಕೆ ಹಾಸಿಗೆ ಬಿಟ್ಟುಕೊಟ್ಟಿದ್ರೆ ಯಾಕೆ ನೋಡ್ತಿದ್ದೆ?”

ಬಣ್ಣದಕ್ಕ ಹಸಿರನ್ನು ಕೆಂಪಿನ ಪಕ್ಕದಲ್ಲೇ ಇಟ್ಟು, ತಲೆ ಓರೆ ಮಾಡಿ ನೋಡಿದಳು. ಚುಚ್ಚುತ್ತಿದ್ದದ್ದು ನಿಜ. ತೆಗೆದು, ಬೇರೊಂದನ್ನು ಹುಡುಕತೊಡಗಿದಳು.